ಗೋಡೆಗಿಂತ ಗಾಜೇ ಹೆಚ್ಚು: ಡರ್ಬಿಶೈರಿನ ಕಡೆ ನಾಲ್ಕು ದಿನ

ಮೊದಲ ದಿನ, ನಾಟಿಂಗ್‌ಹ್ಯಾಮ್

ಮಗ ನಾಟಿಂಗ್‌ಹ್ಯಾಮಿಗೆ ಹೋಗಿ ಸೇರಿದ ಮೇಲೆ ಮೂರು ವರ್ಷ ಫೋನಿನಲ್ಲೇ ಕರೆಯುತ್ತಿದ್ದ. ಬ್ಯಾಂಕಿನಲ್ಲಿ ಇರುವಷ್ಟು ದಿನ ರಜೆ ಇಲ್ಲ ಎನ್ನುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ನೆಪ ನಡೆಯಲಿಲ್ಲ. ಸೆಪ್ಟೆಂಬರಿನಲ್ಲಿ ಹೊರಟೆ. ಲಂಡನ್ನು, ಆ ಗಡಿಯಾರ, ಆ ಚಕ್ರ, ಎಲ್ಲ ಒಂದೇ ವಾರಾಂತ್ಯದಲ್ಲಿ ಮುಗಿಯಿತು. ಆಮೇಲೆ ಸೊಸೆ, "ಅತ್ತೆ, ನಿಮಗೆ ನಿಜವಾಗಿ ಏನು ನೋಡಬೇಕು ಹೇಳಿ" ಅಂದಳು. ಹಳೆ ಮನೆ ನೋಡಬೇಕು ಅಂದೆ. ಅರಮನೆ ಬೇಡ, ಕೋಟೆ ಬೇಡ. ಯಾರೋ ದುಡ್ಡು ಕೂಡಿಸಿ, ಮೇಸ್ತ್ರಿಯ ಜೊತೆ ಜಗಳವಾಡಿ ಕಟ್ಟಿಸಿದ ಮನೆ. ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಹನ್ನೊಂದು ವರ್ಷ ಗೃಹಸಾಲದ ಟೇಬಲ್ಲಿನಲ್ಲಿ ಕೂತವಳು ನಾನು. ಮನೆ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಪ್ಲಾನಲ್ಲ, ಎಸ್ಟಿಮೇಟು.

"ಹಾಗಾದರೆ ಬೆಸ್ ಮನೆಗೇ ಹೋಗೋಣ" ಎಂದಳು. ಬೆಸ್ ಯಾರೆಂದು ನನಗೆ ಗೊತ್ತಿರಲಿಲ್ಲ. ನಾನೂರು ವರ್ಷದ ಹಿಂದೆ ಡರ್ಬಿಶೈರಿನಲ್ಲಿ ಹಾರ್ಡ್‌ವಿಕ್ ಹಾಲ್ ಎಂಬ ಮನೆ ಕಟ್ಟಿಸಿದ ಹೆಂಗಸಂತೆ. ಕಟ್ಟಿದ ಲೆಕ್ಕದ ಪುಸ್ತಕಗಳು ಇವತ್ತಿಗೂ ಉಳಿದಿವೆಯಂತೆ. ಲೆಕ್ಕದ ಪುಸ್ತಕ ಎಂದದ್ದೇ ತಡ, ನಾನು ಶೂ ಹುಡುಕತೊಡಗಿದೆ.

ಅದಕ್ಕೆ ಮೊದಲು ಊರೊಳಗಿನ ವೊಲಾಟನ್ ಹಾಲ್ ನೋಡಿಬಿಡಿ ಎಂದ ಮಗ. ಎರಡನ್ನೂ ರೂಪಿಸಿದವನು ಒಬ್ಬನೇ, ರಾಬರ್ಟ್ ಸ್ಮಿತ್ಸನ್. ಹಾಲ್ ಎಂದರೆ ನಮ್ಮ ಫ್ಲ್ಯಾಟಿನ ಹಾಲಲ್ಲ, ಇಲ್ಲಿ ಇಡೀ ಮನೆಗೇ ಆ ಹೆಸರು. ಯಜಮಾನ, ಆಳುಕಾಳು, ಬಂದವರು ಹೋದವರು ಎಲ್ಲ ಒಂದೇ ದೊಡ್ಡ ಕೋಣೆಯಲ್ಲಿ ಉಣ್ಣುತ್ತಿದ್ದ ಕಾಲದಿಂದ ಉಳಿದುಬಂದ ಹೆಸರು.

ವೊಲಾಟನ್ ದಿಬ್ಬದ ಮೇಲಿದೆ. ಸುತ್ತ ಜಿಂಕೆ ಮೇಯುವ ಹುಲ್ಲುಗಾವಲು. ನಾಲ್ಕು ಮೂಲೆಗೆ ನಾಲ್ಕು ಗೋಪುರ, ನಡುವೆ ಇನ್ನೂ ಎತ್ತರಕ್ಕೆ ಎದ್ದ ಒಂದು ಕಟ್ಟಡ. ಕಲ್ಲಿನ ತುಂಬ ಕೆತ್ತನೆ. ಮದುವೆಮನೆಗೆ ಪೆಟ್ಟಿಗೆಯಲ್ಲಿದ್ದ ಒಡವೆಯನ್ನೆಲ್ಲ ಒಟ್ಟಿಗೇ ಹೇರಿಕೊಂಡು ಬಂದವರ ಹಾಗೆ ಕಂಡಿತು. 1580ರಿಂದ 1588ರವರೆಗೆ ಕಟ್ಟಿಸಿದವನು ಸರ್ ಫ್ರಾನ್ಸಿಸ್ ವಿಲ್ಲೋಬಿ. ಅವನ ನೆಲದಡಿ ಕಲ್ಲಿದ್ದಲು ಸಿಗುತ್ತಿತ್ತು, ಹಣ ಅಲ್ಲಿಂದ. ಲಿಂಕನ್‌ಶೈರಿನಿಂದ ಕಲ್ಲು ಹೊತ್ತು ತಂದ ಕುದುರೆಗಳು ವಾಪಸು ಹೋಗುವಾಗ ಕಲ್ಲಿದ್ದಲು ಹೊತ್ತು ಹೋಗುತ್ತಿದ್ದವು ಎಂದು ಕತೆ ಹೇಳುತ್ತಾರೆ. ಏನು ಮಾಡಿದರೂ ಮನೆ ಮುಗಿಯುವ ಹೊತ್ತಿಗೆ ಸಾಲ ಕುತ್ತಿಗೆಗೆ ಬಂದಿತ್ತು. 1596ರಲ್ಲಿ ಸತ್ತಾಗಲೂ ಅದು ತೀರಿರಲಿಲ್ಲ. ಮೊದಲ ಮಹಡಿ ಮುಗಿಯುವ ಮೊದಲೇ ಟಾಪ್‌ಅಪ್ ಕೇಳಿಕೊಂಡು ಬರುವ ಗಿರಾಕಿಗಳನ್ನು ನಾನು ನೋಡಿದ್ದೇನೆ. ಈತ ಅವರ ಹಿರಿಯಣ್ಣ.

ಒಳಗೆ ಈಗ ಪ್ರಾಣಿಗಳ ಮ್ಯೂಸಿಯಂ. ಸ್ಟಫ್ ಮಾಡಿದ ಗೊರಿಲ್ಲಾ ಒಂದು ಗಾಜಿನ ಪೆಟ್ಟಿಗೆಯೊಳಗಿಂದ ಶಾಲೆಯ ಮಕ್ಕಳನ್ನು ದಿಟ್ಟಿಸುತ್ತಿತ್ತು. ಬೇಗ ಹೊರಗೆ ಬಂದೆವು.

ಹತ್ತಿರದ ಸೇಂಟ್ ಲಿಯೊನಾರ್ಡ್ ಚರ್ಚಿನಲ್ಲಿ ಸ್ಮಿತ್ಸನ್ನನ ಸ್ಮಾರಕಫಲಕವಿದೆ. 1614ರ ಅಕ್ಟೋಬರ್ 15ರಂದು, 79 ವರ್ಷ ಬದುಕಿ ತೀರಿಕೊಂಡ. ವೃತ್ತಿ: 'ಆರ್ಕಿಟೆಕ್ಟರ್ ಮತ್ತು ಸರ್ವೇಯರ್'. ಕಲ್ಲು ಕಡಿದು ಮೇಲೆ ಬಂದವನು ಅವನು. ಆ ಕಾಲಕ್ಕೆ ಮನೆ ಕಟ್ಟುವವರನ್ನು ಮೇಸನ್ ಎನ್ನುತ್ತಿದ್ದರೇ ಹೊರತು ಆರ್ಕಿಟೆಕ್ಟ್ ಎಂಬ ಮಾತು ಇಂಗ್ಲಿಷಿಗೆ ಇನ್ನೂ ಹೊಸದು. ವೊಲಾಟನ್ ಹೆಸರಾದ ಮೇಲೆ, 'ಲೆಕ್ಕಕ್ಕೆ ಬರುವಂಥ ಇನ್ನೂ ಹಲವು ಮನೆಗಳು' ಎಂದಿದೆ. ಅಲ್ಲಿರುವ ಪದವೇ 'ಅಕೌಂಟ್'. ಬೆರಳಿಟ್ಟು ಓದಿದೆ. ಸೊಸೆ ಫೋಟೋ ತೆಗೆದಳು.

ಎರಡನೆಯ ದಿನ, ಹಾರ್ಡ್‌ವಿಕ್

ಮಗನಿಗೆ ಆಫೀಸು. ನಾವಿಬ್ಬರೇ ಬೆಳಗಿನ ರೈಲಿಗೆ ಚೆಸ್ಟರ್‌ಫೀಲ್ಡಿಗೆ ಹೋದೆವು. ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಊರಿನ ಸೊಟ್ಟ ಗೋಪುರ. 228 ಅಡಿಯ ಶಿಖರ, ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಒಂದು ಕಡೆಗೆ ವಾಲಿದೆ. ಹಸಿ ಮರದ ಮೇಲೆ ಸೀಸದ ತಗಡು ಹೊದಿಸಿದ್ದರಿಂದ ಹೀಗಾಯಿತು ಎನ್ನುತ್ತಾರೆ. ಸೈತಾನ ಅದರ ಮೇಲೆ ಕೂತು ಸೀನಿದ ಎಂಬ ಕತೆಯೂ ಇದೆ. ನಮ್ಮ ಬಸ್ಸು ಫೋನಿನಲ್ಲಿ ಮಾತ್ರ ಓಡುತ್ತಿತ್ತು. ಐದು ನಿಮಿಷದಲ್ಲಿ ಬರುತ್ತದೆ, ಮೂರು ನಿಮಿಷದಲ್ಲಿ ಬರುತ್ತದೆ ಎಂದು ತೋರಿಸಿ ತೋರಿಸಿ ಕೊನೆಗೆ ಪರದೆಯಿಂದಲೇ ಮಾಯವಾಯಿತು. ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತು, ಟ್ಯಾಕ್ಸಿ ಹಿಡಿದೆವು. ಎಷ್ಟು ಕೊಟ್ಟೆವು ಎಂದು ಇಲ್ಲಿ ಬರೆಯುವುದಿಲ್ಲ. ರೂಪಾಯಿಗೆ ಗುಣಿಸಿ ನೋಡಿ ಹೊಟ್ಟೆ ಉರಿದಿತ್ತು.

ಎಂ1 ಹೆದ್ದಾರಿಯ ಪಕ್ಕದ ಬಯಲು ದಾಟುತ್ತಿದ್ದಂತೆ ಏಣಿನ ಮೇಲೆ ಅದು ಕಂಡಿತು. ಮೊದಲು ಎರಡು ಗೋಪುರ. ರಸ್ತೆ ತಿರುಗಿತು, ನಾಲ್ಕಾದವು. ಇನ್ನೊಂದು ತಿರುವಿನಲ್ಲಿ ಮೂರೇ. ನಿಜವಾಗಿ ಇರುವುದು ಆರು. ಉದ್ದನೆಯ ಒಂದು ಪೆಟ್ಟಿಗೆ, ಅದಕ್ಕೆ ಅಂಟಿದ ಆರು ಚೌಕ ಗೋಪುರ, ಅಷ್ಟೇ ಪ್ಲಾನು. ವೊಲಾಟನ್ನಿನ ಒಡವೆಯೊಂದೂ ಇಲ್ಲಿಲ್ಲ. ಇರುವುದೆಲ್ಲ ಕಿಟಕಿ. 'ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಹೆಚ್ಚು' ಎಂದು ಇಂಗ್ಲಿಷಿನಲ್ಲಿ ಪ್ರಾಸದ ಮಾತೇ ಇದೆ. ಗೋಪುರಗಳ ನೆತ್ತಿಯ ಮೇಲೆ ಕಲ್ಲಿನಲ್ಲಿ ಕೊರೆದ ಎರಡಕ್ಷರ, 'ಇ' ಮತ್ತು 'ಎಸ್', ಮೇಲೊಂದು ಕಿರೀಟ. ಆಕಾಶದ ಬೆಳಕು ಅಕ್ಷರಗಳ ಸಂದಿನಿಂದ ತೂರಿ ಬರುತ್ತದೆ. ಎಲಿಜಬೆತ್ ಶ್ರೂಸ್‌ಬರಿ, ಅಂದರೆ ಬೆಸ್. ರಾಜಗೋಪುರಕ್ಕೆ ಕಳಶ ಇಡುವ ಜಾಗದಲ್ಲಿ ಈಕೆ ತನ್ನ ಇನಿಷಿಯಲ್ ಇಟ್ಟಿದ್ದಾಳೆ. ಅದೂ ಒಂದಲ್ಲ, ಆರು ಗೋಪುರಕ್ಕೂ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವಲ್ಲ. ಈಕೆ ನಾಲ್ಕು ಮದುವೆ ಮಾಡಿಕೊಂಡಳು, ಕಟ್ಟಿಸಿದ ಮನೆಗಳೂ ಹೆಚ್ಚುಕಡಿಮೆ ಅಷ್ಟೇ. ಹುಟ್ಟಿದ್ದು ಇದೇ ಹಾರ್ಡ್‌ವಿಕ್ಕಿನ ಸಣ್ಣ ಜಮೀನ್ದಾರನ ಮನೆಯಲ್ಲಿ. ಮೊದಲ ಗಂಡ ರಾಬರ್ಟ್ ಬಾರ್ಲಿ, ಹುಡುಗ, 1544ರಲ್ಲಿ ಸತ್ತ. ಅವನ ಆಸ್ತಿಯಲ್ಲಿ ವಿಧವೆಗೆ ಬರಬೇಕಾದ ಮೂರನೇ ಒಂದು ಪಾಲಿಗಾಗಿ ಕೋರ್ಟು ಹತ್ತಿ ಗೆದ್ದಳು. ಆಗ ಅವಳಿಗೆ ಇಪ್ಪತ್ತರ ಆಸುಪಾಸು. ಎರಡನೆಯವನು ಸರ್ ವಿಲಿಯಂ ಕ್ಯಾವೆಂಡಿಷ್, ದೊರೆಯ ಖಜಾನೆಯ ಅಧಿಕಾರಿ. ಎಂಟು ಮಕ್ಕಳು ಹುಟ್ಟಿ ಆರು ಉಳಿದದ್ದು, ಚಾಟ್ಸ್‌ವರ್ತಿನಲ್ಲಿ ಮನೆ ಕಟ್ಟಲು ಶುರುಮಾಡಿದ್ದು ಅವನ ಜೊತೆ. 1557ರಲ್ಲಿ ಆಡಿಟ್ ಬಂತು. ಲೆಕ್ಕದಲ್ಲಿ 5,000 ಪೌಂಡಿಗೂ ಮೀರಿ ಕೊರತೆ! ಅದೇ ವರ್ಷ ಅವನೂ ತೀರಿಕೊಂಡ. ಇದನ್ನು ಓದಿದಾಗ ನನಗೆ ಎದೆ ಝಲ್ಲೆಂದಿತು. ಇನ್‌ಸ್ಪೆಕ್ಷನ್ ಬಂದ ದಿನ ಊಟ ಸೇರದೆ ಕೂತಿದ್ದವಳು ನಾನು, ನನಗೆ ಗೊತ್ತು. ಮೂರನೆಯವನು ಸರ್ ವಿಲಿಯಂ ಸೇಂಟ್ ಲೋ, ರಾಣಿಯ ಕಾವಲುಪಡೆಯ ಮುಖ್ಯಸ್ಥ. ಆಸ್ತಿಯನ್ನು ಇವಳ ಹೆಸರಿಗೇ ಬಿಟ್ಟುಹೋದ. ನಾಲ್ಕನೆಯವನೇ ಶ್ರೂಸ್‌ಬರಿಯ ಅರ್ಲ್, ಜಾರ್ಜ್ ಟಾಲ್ಬಟ್, ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಸೆರೆಯಾದ ಸ್ಕಾಟ್‌ಲೆಂಡಿನ ರಾಣಿ ಮೇರಿಯನ್ನು 1569ರಿಂದ ಹದಿನೈದು ವರ್ಷ ಕಾಯುವ ಕೆಲಸ ಅವನ ತಲೆಗೆ ಬಿತ್ತು. ಖರ್ಚೂ ಹೆಚ್ಚು, ಗಂಡಹೆಂಡಿರ ನಡುವೆ ಮನಸ್ತಾಪವೂ ಹೆಚ್ಚು. ಕೊನೆಗೆ ಚಾಟ್ಸ್‌ವರ್ತನ್ನೇ ಬಿಟ್ಟು ಹುಟ್ಟೂರಿಗೆ ಬಂದಳು. ಅವನು ಸತ್ತದ್ದು 1590ರ ನವೆಂಬರಿನಲ್ಲಿ. ಹೊಸ ಮನೆಯ ಪಾಯ ಅಷ್ಟರಲ್ಲೇ ಏಳುತ್ತಿತ್ತು.

ಆಗಿನ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿ ಎಂಬುದಿಲ್ಲ, ಅವಳದೆಲ್ಲ ಗಂಡನದು. ವಿಧವೆಗೆ ಮಾತ್ರ ತನ್ನ ಸಹಿಗೆ ತಾನೇ ಯಜಮಾನಿ ಎಂಬ ಸ್ಥಿತಿ. ನಮ್ಮಲ್ಲಿ ಆ ಪದಕ್ಕಿರುವ ಬಣ್ಣ ಇಲ್ಲಿ ಪೂರ್ತಿ ತಿರುವುಮುರುವು. 1590ರಿಂದ 1597ರವರೆಗಿನ ಲೆಕ್ಕದ ಹಾಳೆಗಳ ಕೆಳಗೆ ಅವಳದೇ ಕೈಯ ಸಹಿ ಮತ್ತೆ ಮತ್ತೆ ಬರುತ್ತದೆ. ಕಲ್ಲು ಮನೆಯ ಕೆಳಗಿನ ಇಳಿಜಾರಿನ ಕ್ವಾರಿಯದು, ಅವಳದೇ. ಗಾಜು ವಿಂಗ್‌ಫೀಲ್ಡಿನ ಕುಲುಮೆಯದು, ಅದೂ ಅವಳದೇ. ಮರವೂ ಸೀಸವೂ ತನ್ನ ನೆಲದ್ದೇ. ಹಾಗಾಗಿ ಕೈಯಿಂದ ಹೋದದ್ದು ಬಹುಪಾಲು ಕೂಲಿ. ಅದರಲ್ಲೂ ಎರಡು ಬಗೆ: ದಿನಗೂಲಿ ಮತ್ತು ಗುತ್ತಿಗೆ. ಇಷ್ಟು ಅಡಿ ಗೋಡೆಗೆ ಇಷ್ಟು ಎಂದು ಅಳೆದು ಕೊಡುವುದು. ನಮ್ಮೂರಿನ ಗಾರೆಯವರೂ ಇದನ್ನೇ ಕೇಳುವುದು.

ಒಳಗೆ ಕಾಲಿಟ್ಟರೆ ಸ್ಮಿತ್ಸನ್ ಮಾಡಿದ ದೊಡ್ಡ ಬದಲಾವಣೆ ತಕ್ಷಣ ಗೊತ್ತಾಗುವುದಿಲ್ಲ, ಸೊಸೆ ಹೇಳಿದ ಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಇಂಗ್ಲೆಂಡಿನ ಮನೆಗಳಲ್ಲಿ ಹಾಲ್ ಮುಂಭಾಗಕ್ಕೆ ಅಡ್ಡಲಾಗಿ ಮಲಗಿರುತ್ತಿತ್ತು, ಬಾಗಿಲು ಅದರ ಒಂದು ಕೊನೆಯಲ್ಲಿ. ಹಾಗಾಗಿ ಮುಂಬಾಗಿಲು ಮನೆಯ ನಡುವಿಗೆ ಸರಿಯಾಗಿ ಬರುತ್ತಲೇ ಇರಲಿಲ್ಲ. ಇಲ್ಲಿ ಅವನು ಹಾಲನ್ನು ಸೀದಾ ತಿರುಗಿಸಿ, ಮುಂದಿನಿಂದ ಹಿಂದಕ್ಕೆ ಮನೆಯ ನಡುಬೆನ್ನಿನ ಹಾಗೆ ಇಟ್ಟ. ಎಡಬಲ ಒಂದೇ ತೂಕವಾಯಿತು. ಹಾಲಿನ ಪಾತ್ರವೂ ಇಳಿಯಿತು. ಯಜಮಾನಿ ಇಲ್ಲಿ ಉಣ್ಣುವುದಿಲ್ಲ, ಇದು ಆಳುಗಳ ಜಾಗ, ದಾಟಿಹೋಗುವ ಜಾಗ.

ಮಹಡಿಗಳ ಲೆಕ್ಕವೂ ಹಾಗೇ. ಕೆಳಗೆ ಆಳುಗಳು, ಮೊದಲ ಮಹಡಿಯಲ್ಲಿ ಬೆಸ್ ಮತ್ತು ಮನೆಯವರು, ಎರಡನೆಯದು ಬರಬಹುದಾದ ರಾಣಿಗೆ. ಹೊರಗಿನಿಂದ ನೋಡಿದರೆ ಕಿಟಕಿಗಳೇ ಇದನ್ನು ಹೇಳುತ್ತವೆ, ಮೇಲೆ ಹೋದಂತೆ ಉದ್ದವಾಗುತ್ತವೆ. ಆದರೆ ಅವುಗಳಲ್ಲಿ ಕೆಲವು ಬರೀ ವೇಷ! ಗಾಜಿನ ಹಿಂದೆ ಗೋಡೆಯೋ ಹೊಗೆಗೂಡೋ ಇದೆ. ಹೊರಗೋಡೆಯನ್ನೆಲ್ಲ ಕಿಟಕಿ ತಿಂದುಬಿಟ್ಟರೆ ಒಲೆಗೆ ಜಾಗ ಎಲ್ಲಿ? ಅದಕ್ಕೇ ಹೊಗೆಗೂಡುಗಳಲ್ಲಿ ಹೆಚ್ಚಿನವು ಒಳಗಿನ ದಪ್ಪ ಗೋಡೆಯಲ್ಲಿ ಅಡಗಿವೆ.

ಮೆಟ್ಟಿಲು ಕಲ್ಲಿನದು, ಅಗಲ, ಅವಸರವಿಲ್ಲದ್ದು. ಬೆಳಕಿಗೂ ನೆರಳಿಗೂ ತಿರುಗುತ್ತ ಇಡೀ ಮನೆಯನ್ನು ಹಾದು ಮೇಲಕ್ಕೆ ಹೋಗುತ್ತದೆ. ನನ್ನ ಮಂಡಿ ಎರಡು ಸಲ ನಿಲ್ಲಿಸಿತು. ನಿಂತಲ್ಲೆಲ್ಲ ನೋಡುವುದಕ್ಕೆ ಏನಾದರೂ ಇತ್ತು, ಮುಜುಗರವಾಗಲಿಲ್ಲ. ಕೊನೆಗೆ ಹೈ ಗ್ರೇಟ್ ಚೇಂಬರ್. ಗೋಡೆಯ ಮೇಲುಭಾಗದ ಸುತ್ತ ಗಾರೆಯಲ್ಲಿ ಮಾಡಿ ಬಣ್ಣ ಹಚ್ಚಿದ ಕಾಡು. ಮರಗಳ ನಡುವೆ ಬೇಟೆಯ ದೇವತೆ ಡಯಾನಾ, ಅವಳ ಪರಿವಾರ, ಓಡುವ ಮಿಗಗಳು. ಗಾರೆ ಕೆಲಸದ ಅಬ್ರಹಾಂ ಸ್ಮಿತ್‌ನ ಕೈಚಳಕ. ಬಣ್ಣ ಮಾಸಿದೆ. ಮಾಸಿದ್ದೇ ಚೆನ್ನ ಅನ್ನಿಸಿತು, ಮುಂಜಾನೆಯ ಮಂಜಿನಲ್ಲಿ ಕಾಡು ನೋಡಿದ ಹಾಗೆ. ಒಲೆಯ ಮೇಲೆ ರಾಣಿ ಎಲಿಜಬೆತ್‌ಳ ರಾಜಲಾಂಛನ. ಇಷ್ಟೆಲ್ಲ ಯಾರಿಗಾಗಿ ಕಟ್ಟಿದ್ದೋ ಆ ರಾಣಿ ಒಮ್ಮೆಯೂ ಬರಲಿಲ್ಲ. ಮೇರಿ ರಾಣಿಯ ಹೆಸರಿನ ಕೋಣೆಯೂ ಒಂದಿದೆ. ಅವಳಂತೂ ಬರುವ ಹಾಗೇ ಇರಲಿಲ್ಲ. 1587ರಲ್ಲೇ ಅವಳ ತಲೆ ಹೋಗಿತ್ತು, ಈ ಮನೆಗೆ ಆಗ ಪಾಯವೂ ಇಲ್ಲ.

ಪಕ್ಕದ್ದು ಲಾಂಗ್ ಗ್ಯಾಲರಿ. ಉದ್ದ 160 ಅಡಿಗೂ ಹೆಚ್ಚು. ಮಳೆ ಬಂದಾಗ ಒಳಗೇ ವಾಕಿಂಗ್ ಮಾಡಲು ಇಂಥ ಕೋಣೆ ಕಟ್ಟಿಕೊಳ್ಳುತ್ತಿದ್ದರು. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಗೋಡೆ ತುಂಬ ನೇಯ್ದ ಚಿತ್ರಗಳು. ಬೈಬಲ್ಲಿನ ಗಿಡಿಯನ್ನನ ಕತೆ, ಹದಿಮೂರು ಪರದೆ, ಒಂದೊಂದೂ ಆರು ಮೀಟರು ಎತ್ತರ. ಇವನ್ನು ಮಾಡಿಸಿದ್ದು ಸರ್ ಕ್ರಿಸ್ಟೋಫರ್ ಹ್ಯಾಟನ್ ಎಂಬ ಮಂತ್ರಿ. ಅವನು ಸಾಲ ಬಿಟ್ಟು ಸತ್ತ. 1592ರಲ್ಲಿ ಬೆಸ್ ಲಂಡನ್ನಿಗೆ ಹೋದಾಗ ಅವನ ವಾರಸುದಾರನಿಂದ 326 ಪೌಂಡು ಚಿಲ್ಲರೆಗೆ ಕೊಂಡಳು. ಇನ್ನು ಕೇಳಿ: ಪರದೆಗಳ ಮೇಲೆ ಹ್ಯಾಟನ್ನನ ಲಾಂಛನ ನೇಯ್ದಿತ್ತು, ಅದನ್ನು ಬದಲಾಯಿಸುವ ಖರ್ಚು ನನಗೆ ಬೀಳುತ್ತದೆ ಎಂದು 5 ಪೌಂಡು ಚೌಕಾಸಿ ಮಾಡಿ ಕಡಿಮೆ ಮಾಡಿಸಿದಳು. ಆಮೇಲೆ ಬದಲಾಯಿಸಿದ್ದು ಹೇಗೆ? ಬಟ್ಟೆಯ ತುಂಡಿನ ಮೇಲೆ ತನ್ನ ಲಾಂಛನ ಬರೆಸಿ ಹಳೆಯದರ ಮೇಲೆ ತೇಪೆ ಹಾಕಿಸಿದಳು. ಹ್ಯಾಟನ್ನನ ಗುರುತು ಕೋಡಿಲ್ಲದ ಹೆಣ್ಣು ಜಿಂಕೆ, ಕ್ಯಾವೆಂಡಿಷರದು ಕವಲುಕೋಡಿನ ಗಂಡು. ಹೆಣ್ಣು ಜಿಂಕೆಯ ತಲೆಗೆ ಕೋಡು ಬರೆಸಿಬಿಟ್ಟಳು. ಮುಗಿಯಿತು! ಮೂಲೆಯಲ್ಲಿ ಬಗ್ಗಿ ನೋಡಿದೆ. ಸಿಕ್ಕಿತು. ಮುಖವೆಲ್ಲ ಮೃದು, ಕೋಡು ಮಾತ್ರ ಬೇರೆ ಯಾರದೋ ಮದುವೆಯ ಬಾಸಿಂಗ ಕಟ್ಟಿದಂತೆ. ನಾನು ಜೋರಾಗಿ ನಕ್ಕದ್ದಕ್ಕೆ ಕುರ್ಚಿಯಲ್ಲಿದ್ದ ಸ್ವಯಂಸೇವಕಿ ಎದ್ದು ಬಂದರು. ಕಾರಣ ಹೇಳಿದೆ. ಅವರೂ ನಕ್ಕರು. ಈ ಹದಿಮೂರನ್ನೂ ತೊಳೆದು, ಹೊಲಿದು ಸರಿಮಾಡಲು 24 ವರ್ಷ ಹಿಡಿಯಿತು, 2023ರಲ್ಲಿ ಮುಗಿಯಿತು, 17 ಲಕ್ಷ ಪೌಂಡು ಖರ್ಚಾಯಿತು ಎಂದರು. ತೊಳೆಯಲು ಬೆಲ್ಜಿಯಮ್ಮಿಗೇ ಕಳಿಸಿದ್ದರಂತೆ.

ಹಳೆಯದನ್ನು ಕತ್ತರಿಸಿ ಹೊಸದು ಮಾಡುವುದರಲ್ಲಿ ಆಕೆ ನಮ್ಮ ಅಜ್ಜಿಯಂದಿರಿಗೇ ಪಾಠ ಹೇಳಬಲ್ಲವಳು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಪಾದ್ರಿಗಳ ಜರತಾರಿ ನಿಲುವಂಗಿಗಳು ಗಂಡಂದಿರ ಮೂಲಕ ಮನೆ ಸೇರಿದ್ದವು. ಅವನ್ನು ಕತ್ತರಿಸಿ, ಮಖಮಲ್ಲಿನ ಮೇಲೆ ಹಚ್ಚಿ ಹೊಲಿಸಿ, ದೊಡ್ಡ ಗೋಡೆಪರದೆ ಮಾಡಿಸಿದಳು. ಅದರಲ್ಲಿ ಗಂಡನಿಗಾಗಿ ಇಪ್ಪತ್ತು ವರ್ಷ ಕಾದ ಪೆನೆಲೊಪಿ ನಿಂತಿದ್ದಾಳೆ, ಅಕ್ಕಪಕ್ಕ ತಾಳ್ಮೆ ಮತ್ತು ಛಲ ಎಂಬ ಇಬ್ಬರು. ಹತ್ತಿರ ಹೋದರೆ ಸೀರೆಯ ಸೆರಗು ಗುರುತು ಹಿಡಿದ ಹಾಗೆ, ಪೆನೆಲೊಪಿಯ ಉಡುಪಿನ ಮಡಿಕೆಯಲ್ಲಿ ಚರ್ಚಿನ ಬಟ್ಟೆಯ ದಾಳಿಂಬೆ ನಮೂನೆ ಅರ್ಧಕ್ಕೆ ನಿಂತಿದ್ದು ಕಾಣುತ್ತದೆ.

ಕಾಣುತ್ತದೆ ಎಂದೆ, ಕಷ್ಟಪಟ್ಟರೆ. ಗೋಡೆಗಿಂತ ಗಾಜೇ ಹೆಚ್ಚಿರುವ ಈ ಮನೆಯಲ್ಲಿ ಈಗ ಬೆಳಕೇ ಇಲ್ಲ. ಬಿಸಿಲು ಬಿದ್ದರೆ ದಾರದ ಬಣ್ಣ ಹೋಗುತ್ತದೆ, ನೂಲು ಪುಡಿಯಾಗುತ್ತದೆ ಎಂದು ಅಷ್ಟು ಕಿಟಕಿಗೂ ಪರದೆ ಇಳಿಸಿದ್ದಾರೆ. ಸಂಜೆಯ ವಿದ್ಯುತ್ ಹೋದ ಹೊತ್ತಿನ ಮಬ್ಬು. ಅದು ತಪ್ಪೆನ್ನುವುದಿಲ್ಲ. ಆದರೆ ಬೆಳಕಿಗಾಗಿ ಕಟ್ಟಿದ ಮನೆಯನ್ನು ಬೆಳಕಿಲ್ಲದೆ ನೋಡಿದ್ದು ಗಂಟಲಲ್ಲಿ ಸಿಕ್ಕಿಕೊಂಡಿತು.

ಅವಳ ಕಾಲಕ್ಕೂ ಗಾಜಿನ ಸುಖ ಅಷ್ಟಕ್ಕಷ್ಟೇ. 1601ರಲ್ಲಿ ಉಯಿಲಿನ ಜೊತೆ ಮಾಡಿಸಿದ ಮನೆಸಾಮಾನಿನ ಪಟ್ಟಿಯಲ್ಲಿ ಅವಳ ಮಲಗುವ ಕೋಣೆ ಬರುತ್ತದೆ: ಹಾಸಿಗೆ, ಕಂಬಳಿ, ಕಂಬಳಿ, ಮತ್ತೆ ಕಂಬಳಿ, ಕಿಟಕಿಗೆ ತೂಗುಹಾಕಲು ಹೊದಿಕೆ, ಬಾಗಿಲಿಗೂ ಒಂದು. ಜೊತೆಗೆ ಪೆಟ್ಟಿಗೆಗಳು. ಮುದುಕಿ ದುಡ್ಡಿನ ಪೆಟ್ಟಿಗೆಗಳನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಪಟ್ಟಿಯ ಸಾಮಾನು ಮನೆಯಲ್ಲೇ ಉಳಿಯಬೇಕು ಎಂದು ಉಯಿಲಿನಲ್ಲಿ ಕಟ್ಟು ಹಾಕಿದ್ದರಿಂದಲೇ ಇಷ್ಟು ಉಳಿದಿದೆ.

ಮೂರನೆಯ ದಿನ, ಪಕ್ಕದ ಪಾಳು ಮನೆ

ರಾತ್ರಿ ಚೆಸ್ಟರ್‌ಫೀಲ್ಡಿನಲ್ಲೇ ಉಳಿದು ಬೆಳಿಗ್ಗೆ ಮತ್ತೆ ಬಂದೆವು. ಹೊಸ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಹಳೆ ಮನೆಯ ಅಸ್ಥಿಪಂಜರ ನಿಂತಿದೆ. ಸೋನೆ ಮಳೆ. ಸೂರಿಲ್ಲ, ನೆಲವಿಲ್ಲ. ನಾಲ್ಕು ಮಹಡಿಯ ಎತ್ತರದಲ್ಲಿ ಗೋಡೆಗೆ ಅಂಟಿಕೊಂಡ ಒಲೆಗಳು ಅಂತರದಲ್ಲಿ ನೇತಾಡುತ್ತಿವೆ. ಅವುಗಳ ಮೇಲೆ ಗಾರೆಯ ದೈತ್ಯರು ಮಳೆ ನೆನೆಯದ ಹಾಗೆ ಸಣ್ಣ ಮಾಡಿನ ಕೆಳಗೆ ನಿಂತಿದ್ದಾರೆ.

ಇದು ಅವಳ ತವರು. ಸೋದರ ಜೇಮ್ಸ್ ಹಾರ್ಡ್‌ವಿಕ್ ಇದ್ದ ಆಸ್ತಿಯನ್ನೆಲ್ಲ ಕಳೆದುಕೊಂಡು, 1581ರಲ್ಲಿ ಲಂಡನ್ನಿನಲ್ಲಿ ಸಾಲಗಾರರ ಜೈಲಿನಲ್ಲೇ ಸತ್ತ. ಎರಡು ವರ್ಷದ ನಂತರ 9,500 ಪೌಂಡು ಕೊಟ್ಟು ತವರನ್ನು ಅವಳೇ ಕೊಂಡಳು, ಕಾಗದದಲ್ಲಿ ಮಗನ ಹೆಸರಿಗೆ. ಗಂಡ ಬದುಕಿದ್ದನಲ್ಲ. 1587ರಲ್ಲಿ ಹಳೆಯದನ್ನು ದೊಡ್ಡದು ಮಾಡಲು ಹಿಡಿದಳು. ಕಟ್ಟುತ್ತ ಕಟ್ಟುತ್ತ, ಇತ್ತ ಒಂದು ಕೋಣೆ, ಅತ್ತ ಒಂದು ರೆಕ್ಕೆ. ಪ್ಲಾನ್ ಸ್ಯಾಂಕ್ಷನ್ ಇಲ್ಲದೆ ಬೆಳೆದ ಮನೆಯ ಹಾಗೆ ಎತ್ತಲೋ ಹೋಯಿತು. ಅದು ಮುಗಿಯುವ ಮೊದಲೇ ಪಕ್ಕದಲ್ಲಿ ಸ್ಮಿತ್ಸನ್ನನ ಹೊಸ ಮನೆ ಎದ್ದಿತು. ಆದರೂ ಹಳೆಯದನ್ನು ಬಿಡಲಿಲ್ಲ. ನೆಂಟರಿಗೆ, ಆಳುಗಳಿಗೆ ಎಂದು ಎರಡನ್ನೂ ನಡೆಸಿದಳು. ಇದನ್ನು ಕೆಡವಿ ಪಾಳು ಮಾಡಿದ್ದು ಹದಿನೆಂಟನೆಯ ಶತಮಾನದಲ್ಲಿ ವಂಶದವರು.

ನನಗೆ ಹೊಸದಕ್ಕಿಂತ ಇದೇ ಹೆಚ್ಚು ಹಿಡಿಸಿತು. ಅಲ್ಲಿ ತಪ್ಪೇ ಇಲ್ಲ. ಇಲ್ಲಿ ತಪ್ಪು ಮಾಡಿ ಕಲಿತದ್ದು ಗೋಡೆಯಲ್ಲೇ ಇದೆ. ಮೇಲಿನ ಮಹಡಿಯ ದೊಡ್ಡ ಕೋಣೆ, ಅಗಲ ಕಿಟಕಿ, ಗಾರೆಯ ಚಿತ್ರ, ಆಮೇಲೆ ಹೊಸ ಮನೆಗೆ ಹೋದ ಒಂದೊಂದನ್ನೂ ಇಲ್ಲಿ ಮೊದಲು ಕೈಯಾಡಿಸಿ ನೋಡಿದ್ದಾಳೆ. ಕಿಟಕಿಯ ಖಾಲಿ ಚೌಕಟ್ಟಿನಲ್ಲಿ ನಿಂತರೆ ಕೆಳಗೆ ಎಂ1ರ ಲಾರಿಗಳ ಸದ್ದು ಎಡೆಬಿಡದೆ ಕೇಳುತ್ತದೆ.

ಈ ಎರಡು ಮನೆಗಳ ನಡುವೆ ಸೆರೆಯಂತೆ ಬೆಳೆದವಳು ಮೊಮ್ಮಗಳು ಅರ್ಬೆಲ್ಲಾ ಸ್ಟುವರ್ಟ್. ರಾಜವಂಶದ ರಕ್ತ, ಎಲಿಜಬೆತ್ ನಂತರ ಸಿಂಹಾಸನಕ್ಕೆ ಬರಬಹುದಾದವರಲ್ಲಿ ಒಬ್ಬಳು. ಅಜ್ಜಿ ಕಣ್ಣುರೆಪ್ಪೆಯಂತೆ ಕಾದಳು, ಅಂದರೆ ಬಾಗಿಲು ದಾಟಲು ಬಿಡಲಿಲ್ಲ. ಹುಡುಗಿ 1603ರಲ್ಲಿ ತಪ್ಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಕೊನೆಗೆ 1615ರಲ್ಲಿ ಲಂಡನ್ ಟವರಿನ ಸೆರೆಯಲ್ಲಿ ಸತ್ತಳು. ಬೆಸ್ ಲೆಕ್ಕ ತಪ್ಪಿದ್ದು ಇವಳೊಬ್ಬಳ ವಿಷಯದಲ್ಲಿ ಎಂದು ಸೊಸೆ ಅಂದಳು. ಲೆಕ್ಕ ಹಾಕಿದ್ದೇ ತಪ್ಪು ಎಂದು ನನಗೆ ಅನ್ನಿಸಿತು, ಹೇಳಲಿಲ್ಲ.

ಮಳೆ ನಿಂತ ಮೇಲೆ ತೋಟದ ಕಾಲುದಾರಿಯಲ್ಲಿ ಆಲ್ಟ್ ಹಕ್ನಲ್ ಎಂಬ ಹಳ್ಳಿಗೆ ನಡೆದೆವು. ನಾಲ್ಕಾರು ಮನೆ, ಒಂದು ಚರ್ಚು. ಒಳಗೆ ನೆಲದಲ್ಲಿ ಕಪ್ಪು ಚಪ್ಪಡಿ: ತತ್ವಜ್ಞಾನಿ ತಾಮಸ್ ಹಾಬ್ಸ್. ಪೊಲಿಟಿಕಲ್ ಸೈನ್ಸ್ ಓದಿದವರಿಗೆ ಬೇರೆ ಪರಿಚಯ ಬೇಡ. ಬೆಸ್‌ಳ ವಂಶದ ಮಕ್ಕಳಿಗೆ ಪಾಠ ಹೇಳಲು ಸೇರಿದವನು, ಆ ಮನೆತನದಲ್ಲೇ ಮುದುಕನಾಗಿ, 1679ರ ಡಿಸೆಂಬರ್ 4ರಂದು ಹಾರ್ಡ್‌ವಿಕ್ಕಿನಲ್ಲಿ ಕಣ್ಣುಮುಚ್ಚಿದ. ವಯಸ್ಸು 91. ಕಲ್ಲಿನ ಮೇಲೆ ಅವನು ಡೆವನ್‌ಶೈರಿನ ಇಬ್ಬರು ಅರ್ಲ್‌ಗಳ ಸೇವೆಯಲ್ಲಿದ್ದ ಎಂಬುದು ಮೊದಲು, ವಿದ್ವತ್ತಿನ ಮಾತು ಆಮೇಲೆ. ಸರ್ವೀಸ್ ರಿಜಿಸ್ಟರಿನ ಕ್ರಮ.

ಆ ಡೆವನ್‌ಶೈರ್ ಮನೆತನ, ಅಂದರೆ ಬೆಸ್‌ಳ ಎರಡನೆಯ ಮಗನ ಸಂತಾನ, ಮುಂದೆ ಡ್ಯೂಕ್ ಪದವಿಗೆ ಏರಿ ಚಾಟ್ಸ್‌ವರ್ತಿನಲ್ಲಿ ನೆಲೆಸಿತು. ಹಾರ್ಡ್‌ವಿಕ್ ಎರಡನೇ ಮನೆಯಾಗಿ ಮೂಲೆಗೆ ಬಿತ್ತು. ಹಾಗೆ ಬಿದ್ದದ್ದೇ ಒಳ್ಳೆಯದಾಯಿತು, ಹೊಸ ಫ್ಯಾಷನ್ನಿಗೆ ಯಾರೂ ಒಡೆದು ಕಟ್ಟಲಿಲ್ಲ. 1950ರಲ್ಲಿ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ನೂರಕ್ಕೆ 80ರ ಮರಣತೆರಿಗೆ ಬಿತ್ತು. ತೆರಿಗೆಗೆ ಹಣದ ಬದಲು ಮನೆಯನ್ನೇ ಕೊಟ್ಟರು. 1959ರಲ್ಲಿ, ಇಂಥ ಹಳೆ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಕೊನೆಯದಾಗಿ ಇಲ್ಲಿ ವಾಸವಿದ್ದವರು ಹಳೆಯ ಡಚೆಸ್ ಇವ್‌ಲಿನ್, ಹರಿದ ಪರದೆಗಳನ್ನು ವರ್ಷಾನುಗಟ್ಟಲೆ ಕೈಯಾರೆ ಹೊಲಿಯುತ್ತ ಕೂತಿದ್ದ ಹೆಂಗಸು. 1960ರಲ್ಲಿ ತೀರಿಕೊಂಡರು.

ನಾಲ್ಕನೆಯ ದಿನ, ಡರ್ಬಿ

ಶನಿವಾರ. ಮಗ ಕಾರು ತಂದ. ಬೆಸ್‌ಳ ಸಮಾಧಿ ಡರ್ಬಿಯಲ್ಲಿದೆ ಎಂದಾಗ, ದಾರಿಯಲ್ಲಿ ಕೆಡಲ್‌ಸ್ಟನ್ ಹಾಲ್ ನೋಡಿಕೊಂಡು ಹೋಗೋಣ ಎಂದ. ಅದು ಬೇರೆಯೇ ಯುಗದ್ದು, 1760ರ ಸುತ್ತ ರಾಬರ್ಟ್ ಆಡಂ ರೂಪಿಸಿದ್ದು. ಒಳಗೆ ಗುಲಾಬಿ ಗೆರೆಗಳ ಅಲಬಾಸ್ಟರ್ ಕಲ್ಲಿನ ಇಪ್ಪತ್ತು ಕಂಬಗಳ ಹಜಾರ, ಹಿಂದೆ 62 ಅಡಿ ಎತ್ತರದ ಗುಮ್ಮಟ. ಯಾರೂ ವಾಸಿಸಲು ಅಲ್ಲ, ಬಂದವರು ಬಾಯಿ ಬಿಡಲಿ ಎಂದು ಕಟ್ಟಿದ್ದು. ಬಾಯಿ ಬಿಟ್ಟೆ. ಅಷ್ಟೇ, ಬೇರೇನೂ ಆಗಲಿಲ್ಲ.

ಆದರೆ ಪ್ಲಾನಿನ ಹಾಳೆಯ ಮುಂದೆ ನಿಂತುಬಿಟ್ಟೆ. ನಡುವೆ ಒಂದು ಮನೆ, ಬಾಗಿದ ತೋಳುಗಳ ತುದಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಕಟ್ಟಡ. ಇಲ್ಲಿ ಕಟ್ಟಿದ್ದು ಎರಡೇ. ನಾಲ್ಕೂ ಪೂರ್ತಿಯಾದದ್ದು ಕಲ್ಕತ್ತೆಯಲ್ಲಿ! ಗವರ್ನರ್ ಜನರಲ್ ವೆಲ್ಲೆಸ್ಲಿ 1799ರಿಂದ 1803ರವರೆಗೆ ಕಟ್ಟಿಸಿದ ಸರ್ಕಾರಿ ನಿವಾಸಕ್ಕೆ ಮಾದರಿ ಈ ಕೆಡಲ್‌ಸ್ಟನ್. 1799ರ ಫೆಬ್ರವರಿಯಲ್ಲಿ ಆ ಮನೆಗೆ ಅಡಿಗಲ್ಲು. ಅದೇ ವೆಲ್ಲೆಸ್ಲಿಯ ಸೈನ್ಯ ಆ ಹೊತ್ತಿಗೆ ನಮ್ಮ ಶ್ರೀರಂಗಪಟ್ಟಣದತ್ತ ಹೊರಟಿತ್ತು. ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಬಿದ್ದ. ಮನೆಯ ಖರ್ಚು ಕೇಳಿ ಲಂಡನ್ನಿನ ಕಂಪನಿ ಡೈರೆಕ್ಟರುಗಳು ಕೆಂಡವಾದರು. ಯುದ್ಧದ ಖರ್ಚಿನ ಜೊತೆ ಅದೂ ಸೇರಿ 1805ರಲ್ಲಿ ಅವನನ್ನು ವಾಪಸು ಕರೆಸಿಕೊಳ್ಳುವ ಹಾಗಾಯಿತು. ಇದೇ ಕೆಡಲ್‌ಸ್ಟನ್ನಿನಲ್ಲಿ 1859ರಲ್ಲಿ ಹುಟ್ಟಿದ ಕರ್ಜನ್ ನಲವತ್ತು ವರ್ಷದ ನಂತರ ವೈಸ್‌ರಾಯ್ ಆಗಿ ಕಲ್ಕತ್ತೆಗೆ ಬಂದಿಳಿದಾಗ, ಹುಟ್ಟಿದ ಮನೆಯ ಪಡಿಯಚ್ಚಿನೊಳಗೇ ಕಾಲಿಟ್ಟ. ಇವತ್ತು ಅಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರು ಇರುತ್ತಾರೆ. ಕೆಳಮಹಡಿಯಲ್ಲಿ ಕರ್ಜನ್ ಪೂರ್ವದಿಂದ ಹೊತ್ತು ತಂದದ್ದೆಲ್ಲ ಗಾಜಿನ ಬೀರುಗಳಲ್ಲಿದೆ. ದಂತ, ಬೆಳ್ಳಿ, ಕತ್ತಿ. ಒಂದಷ್ಟು ನೋಡಿ ಸಾಕು ಎಂದೆ.

ಡರ್ಬಿಯ ಕೆಥೀಡ್ರಲ್ ಒಳಗೆ ಬೆಳಕೋ ಬೆಳಕು. ಬೆಸ್ ಕಾಲದಲ್ಲಿ ಇದು ಆಲ್ ಸೇಂಟ್ಸ್ ಎಂಬ ಊರ ಚರ್ಚು. ಗೋಪುರ ಹಳೆಯದು, ಈ ಬಿಳಿಯ ಒಳಾಂಗಣ 1725ರಲ್ಲಿ ಮತ್ತೆ ಕಟ್ಟಿದ್ದು. ಬಲಗಡೆಯ ಗೋಡೆಗೆ ಒರಗಿ ಅವಳ ಸ್ಮಾರಕ. ವಿನ್ಯಾಸ ನಮ್ಮ ಸ್ಮಿತ್ಸನ್ನನದೇ. ಕಮಾನಿನ ಕೆಳಗೆ ಕೈಮುಗಿದು ಮಲಗಿದ್ದಾಳೆ. ಇದನ್ನೂ ಬದುಕಿದ್ದಾಗಲೇ ಮಾಡಿಸಿಟ್ಟಿದ್ದಳು. 1601ರ ಉಯಿಲಿನಲ್ಲೇ ಸಮಾಧಿ ಸಿದ್ಧವಿದೆ ಎಂಬ ಮಾತಿದೆ. ಮಕ್ಕಳ ಕೈಗೆ ಬಿಟ್ಟರೆ ಎಸ್ಟಿಮೇಟು ಎಲ್ಲಿ ತಪ್ಪುತ್ತದೋ ಎಂಬ ಭಯವಿರಬೇಕು. ಮನೆ ಕಟ್ಟುತ್ತಿರುವಷ್ಟು ದಿನ ಸಾವಿಲ್ಲ ಎಂದು ಯಾರೋ ಕಣಿ ಹೇಳಿದ್ದರಂತೆ, ಅದಕ್ಕೇ ಕಟ್ಟುತ್ತಲೇ ಇದ್ದಳಂತೆ, ಆ ಚಳಿಗಾಲ ಗಾರೆ ಹೆಪ್ಪುಗಟ್ಟಿ ಕೆಲಸ ನಿಂತದ್ದೇ ಪ್ರಾಣ ಹೋಯಿತಂತೆ. ಡರ್ಬಿಶೈರಿನಲ್ಲಿ ಇದನ್ನು ಹೇಳದವರಿಲ್ಲ.

ಲ್ಯಾಟಿನ್ ಬರಹ ಅವಳು ಸತ್ತು ಎಷ್ಟೋ ಕಾಲದ ಮೇಲೆ ಕೆತ್ತಿಸಿದ್ದು. ಸೊಸೆ ಫೋನು ಹಿಡಿದು ಅರ್ಥ ಮಾಡಿಕೊಂಡು ಹೇಳುತ್ತಿದ್ದಳು. ನಾಲ್ಕು ಗಂಡಂದಿರು, ಮಕ್ಕಳು, ಮಕ್ಕಳ ಬಿರುದುಗಳು. ಆಮೇಲೆ ಅವಳ ಹೆಸರು, 'ಚಾಟ್ಸ್‌ವರ್ತ್, ಹಾರ್ಡ್‌ವಿಕ್, ಓಲ್ಡ್‌ಕೋಟ್ಸ್ ಮನೆಗಳನ್ನು ಕಟ್ಟಿದವಳು'. ಕಟ್ಟಿಸಿದವಳು ಅಲ್ಲ, ಕಟ್ಟಿದವಳು. ಓಲ್ಡ್‌ಕೋಟ್ಸ್ ಈಗ ನೆಲಸಮ. ಕೊನೆಯಲ್ಲಿ ವಯಸ್ಸು: ಸುಮಾರು 87ನೆಯ ವರ್ಷ. ಸುಮಾರು! ಇತಿಹಾಸಕಾರರಲ್ಲಿ ಕೆಲವರು ಹುಟ್ಟಿದ್ದು 1521 ಎನ್ನುತ್ತಾರೆ, ಕೆಲವರು 1527. ಕಾಸುಕಾಸಿಗೂ ಸಹಿ ಹಾಕಿದವಳ ಹುಟ್ಟಿದ ವರ್ಷಕ್ಕೇ ವೋಚರ್ ಇಲ್ಲ.

"ಅಮ್ಮ, ಇಲ್ಲಿ ತಪ್ಪಿದೆ" ಎಂದ ಮಗ. ಸತ್ತ ತಾರೀಖು ಫೆಬ್ರವರಿ 13, 1607 ಎಂದು ಕಲ್ಲಿನಲ್ಲಿತ್ತು. ಅವನು ಓದಿದಲ್ಲೆಲ್ಲ 1608. ತಪ್ಪಲ್ಲ ಕಣೋ ಎಂದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಇಲ್ಲಿಯ ತೆರಿಗೆ ವರ್ಷ ಇವತ್ತಿಗೂ ಏಪ್ರಿಲ್ 6ಕ್ಕೆ ಶುರುವಾಗುವುದಕ್ಕೆ ಮೂಲ ಅದೇ. ಅವಳು ಹೋದಾಗ ಮಾರ್ಚ್ ಎಂಡಿಂಗಿಗೆ ಇನ್ನೂ 40 ದಿನ ಬಾಕಿ ಇತ್ತು.